ಜಾರುವ ಚಕ್ರಕ್ಕೆ ಕಡಿವಾಣ

ಅಮೆರಿಕದ ಉತ್ತರ ಭಾಗದಲ್ಲಿರುವ ಮಿಚಿಗನ್, ಮಿನಿಸೋಟ ಮುಂತಾದ ರಾಜ್ಯಗಳಲ್ಲಿ ಚಳಿಗಾಲ ಬಂತೆಂದರೆ ರಸ್ತೆಯ ಅಂಚಿನ ಹಿಮ ಗಟ್ಟಿಯಾಗಿ ಗಾಜಿನಂತೆ ನುಣುಪಾಗುತ್ತದೆ. ಅಂಥ ಅಂಚಿನಲ್ಲಿ ನಿಂತ ಪಿಕಪ್ ಗಾಡಿಯನ್ನು ಹೊರಡಿಸಲೆತ್ನಿಸಿದಾಗ ಒಂದು ಸೋಜಿಗ ಕಾಣಬರುವುದು. ಹಿಮದ ಮೇಲಿರುವ ಹಿಂದಿನ ಚಕ್ರ ಭರ್ರನೆ ಸುತ್ತುತ್ತದೆ. ಒಣ ನೆಲದ ಮೇಲಿರುವ ಅದರ ಜೊತೆಯ ಚಕ್ರ ಅಲುಗಾಡದೆ ನಿಂತಿರುತ್ತದೆ. ಇನ್ನೂರು ಮುನ್ನೂರು ಅಶ್ವಶಕ್ತಿಯ ಎಂಜಿನ್ನು ಇದ್ದೂ, ನೆಲವನ್ನು ಬಿಗಿಯಾಗಿ ಹಿಡಿಯಬಲ್ಲ ಚಕ್ರವೊಂದು ಇದ್ದೂ ಗಾಡಿ ಇದ್ದಲ್ಲಿಯೇ ಇರುತ್ತದೆ. ದೋಷ ಎಂಜಿನ್ನಿನದೂ ಅಲ್ಲ, ಚಾಲಕನದೂ ಅಲ್ಲ. ಎರಡು ಚಕ್ರಗಳ ನಡುವೆ ಕುಳಿತಿರುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಪು ತನ್ನ ಧರ್ಮವನ್ನು ತಪ್ಪದೆ ಪಾಲಿಸುತ್ತಿರುವುದೇ ಇದಕ್ಕೆ ಕಾರಣ.

ಹಾಗೆಂದು ಆ ಸಾಧನವನ್ನು ಕಿತ್ತೊಗೆಯುವಂತಿಲ್ಲ. ಗಾಡಿ ಒಂದು ಪೂರ್ಣ ವೃತ್ತವನ್ನು ಸುತ್ತಿತೆಂದು ಭಾವಿಸೋಣ. ಹಿಂದಿನ ಚಕ್ರಗಳ ನಡುವಣ ಅಂತರ 1.6 ಮೀಟರಾದರೆ, ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 10 ಮೀಟರು ಹೆಚ್ಚು ಉರುಳಬೇಕು. (ವೃತ್ತ ದೊಡ್ಡದಾಗಲಿ ಚಿಕ್ಕದಾಗಲಿ ಈ ವ್ಯತ್ಯಾಸ ಒಂದೇ, ಏಕೆಂಬುದನ್ನು ವಿದ್ಯಾರ್ಥಿಗಳು ಪರಿಧಿಯ ಸೂತ್ರದಿಂದ ತಾವೇ ಕಂಡುಕೊಳ್ಳಬಹುದು.) ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಯಾವುದಾದರೊಂದು ಚಕ್ರ ನೆಲವನ್ನು ಉಜ್ಜಿಕೊಂಡೇ ಹೋಗಬೇಕಾಗುವುದು. ಎತ್ತಿನ ಗಾಡಿಗೆ ಈ ತೊಡಕಿಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ಸ್ವತಂತ್ರವಾಗಿ ಉರುಳುವುವು. ಅಚ್ಚೇ ಚಕ್ರಗಳನ್ನು ತಿರುಗಿಸಬೇಕಾದ ವಾಹನಕ್ಕೆ ಮಾತ್ರ ಈ ಸಮಸ್ಯೆ. ಫ್ರಾನ್ಸಿನ ಗಡಿಯಾರ ಕುಶಲಿ ಒನೆಸಿಫೋರ್ ಪೆಕ್ಕರ್ ಎಂಬಾತನು 1827ರಲ್ಲಿ ಹಬೆಯ ಗಾಡಿಯೊಂದಕ್ಕಾಗಿ ಡಿಫರೆನ್ಷಿಯಲ್ಲನ್ನು ರಚಿಸಿ ಪೇಟೆಂಟ್ ಪಡೆದನು.

ಇದರ ಗುಣವನ್ನರಿಯಲು ಉಳುವ ಜೋಡೆತ್ತುಗಳನ್ನು ನೆನೆದರೆ ಸಾಕು. ನೇಗಿಲಿನ ಉದ್ದನೆಯ ಮರವಾದ ಈಸನ್ನು ನೊಗದ ನಟ್ಟನಡುವೆ ಮಿಣಿಯಿಂದ ಕಟ್ಟಿರುತ್ತಾರೆ. ಒಂದು ಎತ್ತು ಗೇಣುದ್ದ ಮುಂದೆ ನಡೆದರೆ ನೊಗ ಓರೆಯಾಗುವುದೇ ಹೊರತು ಉಳುಮೆ ನಿಲ್ಲದು. ಆದರೆ ನೊಗದ ಎರಡು ತುದಿಗಳಲ್ಲಿಯೂ ಎಳೆತ ಸಮನಾಗಿರಲೇಬೇಕು. ಎಡಗಡೆಯ ಎತ್ತು ಹೆಗಲು ಕೊಡದಿದ್ದರೆ ಬಲಗಡೆಯದು ಎಷ್ಟೇ ಬಲಶಾಲಿಯಾಗಿದ್ದರೂ ನೊಗವನ್ನು ತಿರುಗಿಸೀತು, ನೇಗಿಲನ್ನು ಎಳೆಯಲಾರದು. ಡಿಫರೆನ್ಷಿಯಲ್ಲು ಇಂಥದೊಂದು ನೊಗವೇ ಸರಿ. ವೇಗವನ್ನು ಚಕ್ರಗಳು ಬೇಕಾದಂತೆ ಹಂಚಿಕೊಳ್ಳಬಹುದು. ತಿರುಗಿಸುವ ಬಲ ಮಾತ್ರ ಎರಡಕ್ಕೂ ಸಮಪಾಲು. ಆ ಪಾಲೆಷ್ಟೆಂಬುದನ್ನು ಗೊತ್ತುಮಾಡುವುದು ದುರ್ಬಲವಾದ ಚಕ್ರ.

ಲೆಕ್ಕ ಹಾಕಿ ನೋಡೋಣ. ಪಿಕಪ್ ಗಾಡಿಯ ಹಿಂಬದಿಯ ತೊಟ್ಟಿ ಬರಿದಾಗಿರುವಾಗ ಭಾರದ ಹೆಚ್ಚು ಪಾಲು ಎಂಜಿನ್ನಿರುವ ಮುಂಭಾಗದಲ್ಲಿರುತ್ತದೆ. ಹಿಂದಿನ ಒಂದೊಂದು ಚಕ್ರದ ಮೇಲೆ 400 ಕಿಲೋಗ್ರಾಂ ಭಾರವಿದೆಯೆನ್ನೋಣ. ಘರ್ಷಣಾಂಕ ಮಂಜುಗಡ್ಡೆಯ ಮೇಲೆ 0.1, ಒಣ ನೆಲದ ಮೇಲೆ 0.6 ಎಂದಿಟ್ಟುಕೊಂಡರೆ, ಮೊದಲನೆಯ ಚಕ್ರ 40 ಕಿಲೋಗ್ರಾಂ ತೂಕದಷ್ಟು ನೂಕುಬಲವನ್ನೂ ಎರಡನೆಯದು 240ರಷ್ಟನ್ನೂ ಕೊಡಬಲ್ಲುವು. ನೆಲ ಕೊಡಲು ಸಿದ್ಧವಿರುವುದು ಒಟ್ಟು 280. ಸಮಪಾಲಿನ ನಿಯಮದಿಂದ ದೊರೆಯುವುದಾದರೋ 40 ಮತ್ತು 40, ಅಂದರೆ 80 ಮಾತ್ರ. ಉಳಿದ 200ನ್ನು ಹೇಗೆ ಪಡೆಯುವುದೆಂಬುದೇ ಈ ಲೇಖನದ ವಿಷಯ. 280ನ್ನು ಮೀರಿಸುವ ಡಿಫರೆನ್ಷಿಯಲ್ಲು ಎಲ್ಲಿಯೂ ಇಲ್ಲ. ಅದು ಟೈರಿನ ಮತ್ತು ನೆಲದ ವ್ಯವಹಾರ.

ಮೊದಲು ಹೊಳೆಯುವ ಉಪಾಯ ನೊಗದ ನಡುವಣ ಕಟ್ಟನ್ನು ಬಿಗಿ ಮಾಡುವುದು. ನೊಗ ಸುಲಭವಾಗಿ ತಿರುಗದಿದ್ದರೆ ಬಲವಾದ ಎತ್ತು ಸ್ವಲ್ಪ ಹೆಚ್ಚಾಗಿಯೇ ಎಳೆಯಬಹುದಷ್ಟೆ. ಘರ್ಷಣೆಯ ಬಿಲ್ಲೆಗಳುಳ್ಳ ಡಿಫರೆನ್ಷಿಯಲ್ಲಿನಲ್ಲಿ ನಡೆಯುವುದೂ ಇದೇ. ಕ್ಲಚ್ಚಿನಲ್ಲಿರುವಂಥ ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿ ಸ್ಪ್ರಿಂಗಿನಿಂದ ಒತ್ತಿಡುತ್ತಾರೆ. ಎರಡು ಚಕ್ರಗಳ ವೇಗ ಬೇರೆಯಾಗಬೇಕಾದರೆ ಈ ಬಿಲ್ಲೆಗಳು ಒಂದರ ಮೇಲೊಂದು ಜಾರಬೇಕು. ಜಾರಲು 60ರಷ್ಟು ಬಲ ಬೇಕೆಂದಾದರೆ, ಮಂಜಿನ ಚಕ್ರಕ್ಕೆ 40, ಒಣ ಚಕ್ರಕ್ಕೆ 100, ಒಟ್ಟು 140 ದೊರೆಯುತ್ತದೆ. ಎಂಜಿನ್ನಿನ ಬಲ ಹೆಚ್ಚಿದಂತೆ ಬಿಲ್ಲೆಗಳ ಒತ್ತಡವೂ ಹೆಚ್ಚುವಂತೆ ಅನೇಕ ಮಾದರಿಗಳನ್ನು ರಚಿಸಿರುವುದರಿಂದ ಲಾಭ ಇದಕ್ಕಿಂತ ಮಿಗಿಲಾಗಬಹುದು. ಇಂಥ ಸಾಧನಗಳು ಮೊದಲು ಬೇಕಾದುದು ಪಂದ್ಯದ ಕಾರುಗಳಿಗೆ. ಆಟೋ ಯೂನಿಯನ್ ಪಂದ್ಯದ ಕಾರಿನ ಚಕ್ರ ಸುತ್ತುವ ದೋಷವನ್ನು ನೀಗಲು ಫರ್ಡಿನಂಡ್ ಪೋರ್ಷೆ 1935ರಲ್ಲಿ ಜರ್ಮನಿಯ ಜೆಡ್‌ಎಫ್ ಸಂಸ್ಥೆಯ ನೆರವು ಪಡೆದನು. ಅಮೆರಿಕದಲ್ಲಿ 1956ರಲ್ಲಿ ಸ್ಟೂಡ್‌ಬೇಕರ್ ಮತ್ತು ಪ್ಯಾಕರ್ಡ್ ಕಾರುಗಳ ಮೂಲಕ ಇದು ಜನಸಾಮಾನ್ಯರ ಕೈಗೆ ಬಂದಿತು. ಇದರ ಕುಂದೆಂದರೆ ಸವೆತ. ಬಿಲ್ಲೆಗಳು ಕಾಲಕ್ರಮದಲ್ಲಿ ತೇಯುವುವು. ಅವಕ್ಕೆ ತಕ್ಕ ಎಣ್ಣೆ ಹಾಕದಿದ್ದರೆ ತಿರುವಿನಲ್ಲಿ ಅಚ್ಚು ಗಡಗಡನೆ ನಡುಗುವುದು.

ಬಿಲ್ಲೆಗಳೇ ಇಲ್ಲದ ಇನ್ನೊಂದು ಮಾದರಿಯುಂಟು. ವರ್ನನ್ ಗ್ಲೀಸ್‌ಮನ್ ಎಂಬ ಅಮೆರಿಕದ ಶೋಧಕನಿಗೆ 1958ರಲ್ಲಿ ಪೇಟೆಂಟ್ ದೊರೆತ ಈ ಸಾಧನ ಮುಂದೆ ಟಾರ್ಸನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇದರಲ್ಲಿ ಸುರುಳಿ ಹಲ್ಲಿನ ಚಕ್ರಗಳು ಹೊರೆ ಬಿದ್ದೊಡನೆ ಒಂದನ್ನೊಂದು ಒತ್ತಿಕೊಂಡು ತಾವೇ ಬಿಗಿಯಾಗುವುವು. ಇದು ಬಲವನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ. ಗುಣಕ 3 ಎಂದಾದರೆ ಮಂಜಿನ ಚಕ್ರಕ್ಕೆ 40 ಇರುವಾಗ ಒಣ ಚಕ್ರಕ್ಕೆ 120ರವರೆಗೆ ದೊರೆಯಬಹುದು. ಚಕ್ರ ಜಾರಿದ ಮೇಲೆ ಎಚ್ಚರಗೊಳ್ಳುವ ಸಾಧನ ಇದಲ್ಲ; ಜಾರುವುದಕ್ಕೆ ಮೊದಲೇ ಬಲ ಹಂಚಿಕೆಯಾಗಿರುತ್ತದೆ. ಆದರೆ ಗುಣಾಕಾರಕ್ಕೆ ಒಂದು ಶಾಪವಿದೆ: ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಒಂದು ಚಕ್ರ ಹಳ್ಳದ ಮೇಲೆ ಗಾಳಿಯಲ್ಲಿ ತೂಗಾಡಿದರೆ ಟಾರ್ಸನ್ ಸಹ ಕೈಚೆಲ್ಲುವುದು. ಇದನ್ನು ಅಳವಡಿಸಿಕೊಂಡ ಅಮೆರಿಕದ ಸೇನೆಯ ಹಮ್‌ವಿ ವಾಹನದ ಚಾಲಕರಿಗೆ ಅಂಥ ವೇಳೆ ಎಂಜಿನ್ನಿನ ಬಲದೊಡನೆಯೇ ಬ್ರೇಕನ್ನೂ ಹದವಾಗಿ ಒತ್ತಲು ಕಲಿಸುತ್ತಾರೆ. ವಾಹನವನ್ನು ಹೊರಡಿಸಲು ಬ್ರೇಕು! ವಿಚಿತ್ರವೆನಿಸಿದರೂ ಲೆಕ್ಕ ಸರಿಯಾಗಿಯೇ ಇದೆ. ಎರಡು ಚಕ್ರಗಳಿಗೂ 50ರಷ್ಟು ಬ್ರೇಕು ಬಿದ್ದರೆ, ಗಾಳಿಯಲ್ಲಿರುವ ಚಕ್ರದ ಪಾಲು 50, ನೆಲದ ಮೇಲಿನದಕ್ಕೆ 150; ಅದರಲ್ಲಿ 50ನ್ನು ಅದರ ಬ್ರೇಕು ನುಂಗಿದರೂ 100 ನೆಲಕ್ಕೆ ಉಳಿಯುತ್ತದೆ. ಸಾಧಾರಣ ಡಿಫರೆನ್ಷಿಯಲ್ಲಿನಲ್ಲಿ ಇದೇ ತಂತ್ರ ನಿಷ್ಫಲ. ಅಲ್ಲಿ 50 ಬಂದು 50 ಬ್ರೇಕಿಗೇ ಹೋಗುವುದು.

ಇನ್ನು ಎಲೆಕ್ಟ್ರಾನಿಕ್ ಉಪಾಯ. ಇದರ ತತ್ತ್ವ ನಮ್ಮ ರೈತರಿಗೆ ಹೊಸದಲ್ಲ. ಟ್ರಾಕ್ಟರಿನಲ್ಲಿ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲುಗಳಿರುವುದನ್ನು ವಾಚಕರು ಕಂಡಿರಬಹುದು. ಕೆಸರುಗದ್ದೆಯಲ್ಲಿ ಒಂದು ಚಕ್ರ ಸುಮ್ಮನೆ ಸುತ್ತತೊಡಗಿದಾಗ ಆ ಕಡೆಯ ಪೆಡಲನ್ನಷ್ಟೇ ಒತ್ತಿದರೆ ಇನ್ನೊಂದು ಚಕ್ರಕ್ಕೆ ಬಲ ಬರುತ್ತದೆ. ಹೆಗಲು ಕೊಡದ ಎತ್ತಿನ ಕಡೆಯ ನೊಗದ ತುದಿಯನ್ನು ರೈತನೇ ಹಿಂದಕ್ಕೆ ಹಿಡಿದಂತೆ ಇದು. ಪಿಕಪ್ ಚಾಲಕನ ಕಾಲಿಗೆ ದೊರೆಯುವುದು ಒಂದೇ ಬ್ರೇಕ್ ಪೆಡಲು. ಗಾಡಿಯೊಳಗಿನ ಕಂಪ್ಯೂಟರು ನಾಲ್ಕು ಚಕ್ರಗಳ ಬ್ರೇಕನ್ನೂ ಬೇರೆ ಬೇರೆಯಾಗಿ ಒತ್ತಬಲ್ಲದು. ಪ್ರತಿ ಚಕ್ರದ ವೇಗವನ್ನು ಅಳೆಯುತ್ತಿದ್ದು, ಯಾವುದು ಹದ್ದುಮೀರಿ ಸುತ್ತುವುದೋ ಅದನ್ನು ಮಾತ್ರ ತಡೆಯುತ್ತದೆ. 2007ರ ಮಾದರಿಯ ಟೊಯೋಟ ಟಂಡ್ರ ಪಿಕಪ್ಪಿನ 'ಆಟೋ ಎಲ್‌ಎಸ್‌ಡಿ' ಇಂಥದು. ಅಚ್ಚಿನೊಳಗಿದ್ದುದು ಪೆಕ್ಕರನ ಕಾಲದ ತತ್ತ್ವದ ಸಾಧಾರಣ ಡಿಫರೆನ್ಷಿಯಲ್ಲೇ. ಚಕ್ರದ ವೇಗಮಾಪಕಗಳೂ ಬ್ರೇಕನ್ನು ಒತ್ತುವ ಪಂಪೂ ಅಡ್ಡಜಾರುವಿಕೆಯನ್ನು ತಡೆಯುವ ಸ್ಥಿರತಾ ನಿಯಂತ್ರಣಕ್ಕೆ ಹೇಗೂ ಬೇಕು. 2012ರ ಮಾದರಿಗಳಿಂದ ಅಮೆರಿಕದಲ್ಲಿ 4,536 ಕಿಲೋಗ್ರಾಂ ಒಟ್ಟು ತೂಕದವರೆಗಿನ ಹೊಸ ವಾಹನಗಳೆಲ್ಲಕ್ಕೂ ಆ ನಿಯಂತ್ರಣ ಕಡ್ಡಾಯವಾಯಿತು. ಅಲ್ಲಿಂದ ಮುಂದೆ ಬ್ರೇಕಿನ ಉಪಾಯಕ್ಕೆ ತಯಾರಕನು ಹೊಸ ಲೋಹವನ್ನು ಕೊಳ್ಳಬೇಕಾಗಿಲ್ಲ, ಕಂಪ್ಯೂಟರಿಗೆ ಕೆಲವು ಆದೇಶಗಳನ್ನು ಬರೆದರಾಯಿತು. ಇದು ಇಷ್ಟು ಬೇಗ ಹರಡಿದ್ದಕ್ಕೆ ಮುಖ್ಯ ಕಾರಣ ಇದೆಂದೇ ನಮ್ಮ ಅಭಿಪ್ರಾಯ.

ಫಲವೇನೋ ದೊಡ್ಡದು. ಮಂಜಿನ ಚಕ್ರಕ್ಕೆ 200ರಷ್ಟು ಬ್ರೇಕು ಹಾಕಿದರೆ ಅದರ ಪಾಲು 240 ಆಗುತ್ತದೆ. ಸಮಪಾಲಿನ ನಿಯಮದಂತೆ ಒಣ ಚಕ್ರಕ್ಕೂ 240. ನೆಲಕ್ಕೆ ಒಟ್ಟು 280, ನೆಲ ಕೊಡಬಲ್ಲಷ್ಟೂ ದೊರೆಯಿತು. ಆದರೆ ಅದಕ್ಕಾಗಿ ಎಂಜಿನ್ನು 480ನ್ನು ಒದಗಿಸಬೇಕಾಯಿತು. ಉಳಿದ 200 ಎಲ್ಲಿ ಹೋಯಿತು? ಬ್ರೇಕಿನಲ್ಲಿ ಶಾಖವಾಯಿತು. ಆ ಚಕ್ರದ ಅಂಚು ಸೆಕೆಂಡಿಗೆ 3 ಮೀಟರಿನಂತೆ ಸುತ್ತುತ್ತಿದ್ದರೆ ಹುಟ್ಟುವ ಶಾಖ ಸುಮಾರು 6 ಕಿಲೋವಾಟು. ಸ್ನಾನದ ನೀರು ಕಾಯಿಸುವ ಒಂದು ಕಿಲೋವಾಟಿನ ಆರು ಸುರುಳಿಗಳನ್ನು ಒಂದೇ ಬ್ರೇಕಿನೊಳಗೆ ಹೊತ್ತಿಸಿಟ್ಟಂತೆ. ನಾಲ್ಕು ಕ್ಷಣದ ಮಾತಾದರೆ ಚಿಂತೆಯಿಲ್ಲ. ಕೆಸರು ಅಥವಾ ಮರಳಿನ ಹಾದಿಯಲ್ಲಿ ಹತ್ತು ನಿಮಿಷ ಹೆಣಗಬೇಕಾದಾಗ ಬ್ರೇಕು ಕಾದು, ಅದನ್ನು ಕಾಪಾಡಲು ಕಂಪ್ಯೂಟರು ಹಿಡಿತವನ್ನು ಬಿಟ್ಟುಬಿಡುವುದು. ಬಲ ಬಹಳವಾಗಿ ಬೇಕಾದ ಗಳಿಗೆಯಲ್ಲಿಯೇ ಕೈಕೊಟ್ಟಂತಾಗುವುದು. ಇದಲ್ಲದೆ, ಚಕ್ರ ಜಾರಿದುದನ್ನು ಕಂಡ ಮೇಲೆಯೇ ಈ ಏರ್ಪಾಡು ಕೆಲಸಕ್ಕೆ ತೊಡಗುವುದರಿಂದ, ಮೆತ್ತನೆಯ ಮಣ್ಣಿನಲ್ಲಿ ಅಷ್ಟರೊಳಗೆ ಚಕ್ರ ತನಗೆ ತಾನೇ ಗುಂಡಿ ತೋಡಿಕೊಂಡಿರುತ್ತದೆ.

ಎಲೆಕ್ಟ್ರಾನಿಕ್ ಎಂಬ ಹೆಸರಿನಲ್ಲಿ ಬೇರೊಂದು ಬಗೆಯೂ ಇರುವುದರಿಂದ ಗಾಡಿಯ ವಿವರಪತ್ರವನ್ನು ಓದುವಾಗ ಎಚ್ಚರ ಬೇಕು. 2005ರ ಜೀಪ್ ಗ್ರಾಂಡ್ ಚೆರೋಕಿಯಲ್ಲಿ ದೊರೆಯುತ್ತಿದ್ದ ಸಾಧನದಲ್ಲಿ ಬಿಲ್ಲೆಗಳೇ ಇದ್ದು, ಅವನ್ನು ಒತ್ತುವ ಅಪ್ಪಣೆಯನ್ನು ಮಾತ್ರ ಕಂಪ್ಯೂಟರು ಕೊಡುತ್ತಿತ್ತು. ಎರಡರ ಗುಣವೂ ಇದರಲ್ಲುಂಟು. ಬೆಲೆಯೂ ಅದಕ್ಕೆ ತಕ್ಕಂತೆ. ಹಾಗೆಯೇ ಯಾಂತ್ರಿಕ ಸಾಧನಗಳೆಲ್ಲ ಜಾರುವ ಮೊದಲೇ ಎಚ್ಚೆತ್ತಿರುವುವೆಂದೂ ತಿಳಿಯಬಾರದು. ಜನರಲ್ ಮೋಟರ್ಸ್ ಪಿಕಪ್ಪುಗಳಲ್ಲಿ 1973ರಿಂದ ಕಾಣಿಸಿಕೊಂಡ ಈಟನ್ ಸಾಧನದಲ್ಲಿ, ಎರಡು ಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತಾದಾಗ ಸಣ್ಣ ತೂಕಗಳು ಹೊರಕ್ಕೆ ಸಿಡಿದು ಅಚ್ಚನ್ನು ಪೂರ್ತಿಯಾಗಿ ಬಿಗಿಯುವುವು.

ಹೀಗಿರಲು ಯಾವುದು ಮೇಲು? ಸರೋವರದ ಪಾಚಿಗಟ್ಟಿದ ಇಳಿಜಾರಿನಿಂದ ದೋಣಿಯನ್ನು ಮೇಲಕ್ಕೆಳೆಯುವವನಿಗೆ, ಕೆಸರಿನ ತೋಟದ ಹಾದಿಯಲ್ಲಿ ದಿನವೂ ಹೊರೆ ಸಾಗಿಸುವವನಿಗೆ ಯಾಂತ್ರಿಕವೇ ಮೇಲೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು. ನಗರದಲ್ಲಿ ಬರಿದಾದ ಗಾಡಿಯನ್ನು ಓಡಿಸುವವನ ಮಾತೇ ಬೇರೆ. ಪಕ್ಕಕ್ಕೆ ಇಳಿಜಾರಾದ ಮಂಜಿನ ರಸ್ತೆಯಲ್ಲಿ ಬಿಗಿಯಾದ ಅಚ್ಚು ಎರಡು ಚಕ್ರಗಳನ್ನೂ ಒಟ್ಟಿಗೆ ಸುತ್ತಿಸುವುದುಂಟು. ಸುತ್ತುವ ಚಕ್ರಕ್ಕೆ ಅಡ್ಡಹಿಡಿತವೂ ಇರದು; ಗಾಡಿಯ ಹಿಂಭಾಗ ಮೆಲ್ಲನೆ ಚರಂಡಿಯ ಕಡೆಗೆ ಸರಿಯುತ್ತದೆ. ಸಾಧಾರಣ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ಸುತ್ತಿದರೂ ಇನ್ನೊಂದು ಹಿಂಭಾಗವನ್ನು ಹಿಡಿದಿಡುತ್ತದೆ. ಎಂಜಿನ್ನಿನ ಬಲವನ್ನೂ ಜೊತೆಯಲ್ಲೇ ತಗ್ಗಿಸಬಲ್ಲ ಎಲೆಕ್ಟ್ರಾನಿಕ್ ಏರ್ಪಾಡು ಇಂಥಲ್ಲಿ ಹೆಚ್ಚು ಕ್ಷೇಮ.

ಗಾಡಿಯಲ್ಲಿರುವುದು ಯಾವ ಬಗೆಯೆಂಬುದನ್ನು ತಿಳಿಯಬಯಸುವವರು ಮಟ್ಟಸವಾದ ನೆಲದಲ್ಲಿ ಮುಂದಿನ ಚಕ್ರಗಳಿಗೆ ಅಡೆಗಲ್ಲಿಟ್ಟು, ಹಿಂದಿನ ಎರಡು ಚಕ್ರಗಳನ್ನೂ ಎತ್ತಿ ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಎಂಜಿನ್ನು ಆರಿಸಿ, ಗೇರಿನಲ್ಲಿಟ್ಟು, ಒಂದು ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬಹುದು. ಇನ್ನೊಂದು ಚಕ್ರ ಹಗುರವಾಗಿ ವಿರುದ್ಧ ದಿಕ್ಕಿಗೆ ತಿರುಗಿದರೆ ಸಾಧಾರಣವಾದದ್ದು. ಬಿಗಿಯಾಗಿ ಅಡ್ಡಿಪಡಿಸಿದರೆ ಬಿಲ್ಲೆಗಳುಳ್ಳದ್ದು. ಈಟನ್ ಸಾಧನ ನಿಧಾನವಾಗಿ ತಿರುಗಿಸುವಾಗ ಸಾಧಾರಣದಂತೆಯೇ ನಟಿಸೀತು. ಒಂದೇ ಚಕ್ರವನ್ನು ಜಾಕಿನಿಂದ ಎತ್ತಿರುವಾಗ ಮಾತ್ರ ಎಂಜಿನ್ನನ್ನು ನಡೆಸಿ ಗೇರಿಗೆ ಹಾಕಲೇಬಾರದು. ಸಾಧಾರಣ ಗಾಡಿಯಲ್ಲಿ ಎತ್ತಿದ ಚಕ್ರ ಸುಮ್ಮನೆ ಸುತ್ತೀತು. ಯಾಂತ್ರಿಕ ಕಡಿವಾಣವುಳ್ಳ ಗಾಡಿಯಲ್ಲಿ ನೆಲದ ಮೇಲಿರುವ ಚಕ್ರಕ್ಕೂ ಬಲ ತಲುಪಿ, ಗಾಡಿ ಜಾಕಿನಿಂದ ನೆಗೆದು ಅದರಡಿ ಕೆಲಸ ಮಾಡುತ್ತಿರುವವನ ಮೇಲೆ ಬೀಳಬಹುದು.