ಆತಂಕ ರೋಗ: ಕಾರಣ ಮತ್ತು ಪರಿಹಾರ

ನಡುಮಧ್ಯಾಹ್ನದ ಬಿಸಿಲಿಗೆ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಂಡರೆ ರೈತ ಗಾಬರಿಯಾಗುವುದಿಲ್ಲ. ಮರುದಿನ ಬೆಳಿಗ್ಗೆಯೂ ಬಾಡಿಯೇ ಇದ್ದರೆ ಬುಡ ಬಗೆದು ಬೇರನ್ನು ನೋಡುತ್ತಾನೆ. ಮನಸ್ಸಿನ ಆತಂಕವನ್ನೂ ಹೀಗೆಯೇ ಪರೀಕ್ಷಿಸಬೇಕು. ಮಳೆ ತಡವಾದಾಗ, ಸಾಲದ ಕಂತು ಹತ್ತಿರ ಬಂದಾಗ ಚಿಂತೆ ಸಹಜ. ಕಾರಣ ನೀಗಿದ ಮೇಲೂ ಚಿಂತೆ ಬಿಡದೆ ನಿದ್ರೆ, ಊಟ, ಬೇಸಾಯ ಕೆಡುತ್ತಿದ್ದರೆ ಅದು ರೋಗವಿರಬಹುದು.

ಲಕ್ಷಣಗಳು

ಅಪಾಯ ಎದುರಾದಾಗ ದೇಹದಲ್ಲಿ ಅಡ್ರಿನಲಿನ್ ಸ್ರವಿಸುತ್ತದೆ. ಎದೆಬಡಿತ ಮತ್ತು ಉಸಿರಾಟ ಹೆಚ್ಚಿ, ಸ್ನಾಯುಗಳು ಬಿಗಿಯುತ್ತವೆ. ಹಾವು ಕಂಡವನು ಹಿಂದಕ್ಕೆ ಜಿಗಿಯಲು ಇದೇ ನೆರವು. ಆತಂಕ ರೋಗದಲ್ಲಿ ಹಾವಿಲ್ಲದೆಯೇ ಈ ಕ್ರಿಯೆ ನಡೆಯುತ್ತದೆ. 6 ತಿಂಗಳಿಗೂ ಮೀರಿ ಹೆಚ್ಚಿನ ದಿನ ಕಾಡುವ ಚಿಂತೆ ಒಂದು ಬಗೆ; ಹಠಾತ್ತನೆ ಎದ್ದು ಕೆಲವೇ ನಿಮಿಷಗಳಲ್ಲಿ ತಾರಕಕ್ಕೇರುವ ದಿಗಿಲು ಇನ್ನೊಂದು. ಎದೆನೋವು ಬಂದರೆ ಆತಂಕವೆಂದು ಊಹಿಸದೆ ಮೊದಲು ಹೃದಯದ ತಪಾಸಣೆ ಮಾಡಿಸಬೇಕು.

ಕಾರಣಗಳು

1. ವಂಶದಿಂದ ಬಂದ ಪ್ರವೃತ್ತಿ.
2. ಬಾಲ್ಯದಲ್ಲಿ ಅನುಭವಿಸಿದ ಕಷ್ಟ, ಹಿಂಸೆ.
3. ಸಾಲ, ಬೆಳೆನಷ್ಟ, ಮನೆಯ ಕಲಹಗಳಂತಹ ದೀರ್ಘಕಾಲದ ಒತ್ತಡ.
4. ಥೈರಾಯಿಡ್ ಗ್ರಂಥಿಯ ಅತಿ ಚಟುವಟಿಕೆಯಂತಹ ಕಾಯಿಲೆ.
5. ಮದ್ಯಪಾನ. ಕುಡಿದಾಗ ಶಮನವಾದಂತೆ ತೋರಿದರೂ ಅಮಲಿಳಿದ ಮೇಲೆ ಆತಂಕ ಹೆಚ್ಚುತ್ತದೆ.

ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಾರಣಗಳು ಕೂಡಿರುತ್ತವೆ. ಇದು ಹೇಡಿತನವಲ್ಲ, ದೆವ್ವದ ಕಾಟವೂ ಅಲ್ಲ.

ಸಿಂಪರಣೆ ಮಾಡುವವರಿಗೆ ಎಚ್ಚರಿಕೆ

ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೊಫಾಸ್ಫರಸ್ ಕೀಟನಾಶಕಗಳ ವಿಷವೇರಿದಾಗಲೂ ಚಡಪಡಿಕೆ, ಬೆವರು, ನಡುಕ ಕಾಣುತ್ತವೆ. ಜೊಲ್ಲು ಸುರಿಯುವುದು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು ಸೇರಿಕೊಂಡರೆ ಔಷಧಿ ಡಬ್ಬಿಯ ಚೀಟಿಯೊಡನೆ ರೋಗಿಯನ್ನು ಕೂಡಲೆ ಆಸ್ಪತ್ರೆಗೆ ಸೇರಿಸಬೇಕು.

ಪರಿಹಾರ

ಆಪ್ತಸಮಾಲೋಚನೆ ಮತ್ತು ಔಷಧಿಗಳಿಂದ ಈ ರೋಗ ಹತೋಟಿಗೆ ಬರುತ್ತದೆ. ಸಾಮಾನ್ಯವಾಗಿ ಕೊಡುವ ಔಷಧಿಗಳ ಗುಣ ಕಾಣಲು ಕೆಲವು ವಾರಗಳೇ ಬೇಕು. ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬಾರದು. ನಿದ್ರೆ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗುವುದು ಚಟಕ್ಕೆ ದಾರಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆ ಒದಗಿಸುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿತು. ಅದೇ ಮುಂದೆ ದೇಶಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಮನೆಯವರು ಬುದ್ಧಿ ಹೇಳುವ ಮೊದಲು ರೋಗಿಯ ಮಾತನ್ನು ಪೂರ್ತಿ ಕೇಳಬೇಕು. ಬದುಕು ಬೇಡವೆಂಬ ಮಾತು ಬಂದರೆ ಒಂಟಿಯಾಗಿ ಬಿಡಬಾರದು. ಕೀಟನಾಶಕವನ್ನು ಬೀಗ ಹಾಕಿ, ಬೀಗದ ಕೈಯನ್ನು ಬೇರೆಯವರ ವಶದಲ್ಲಿಡಬೇಕು. ವಿಸ್ತರಣಾ ಕಾರ್ಯಕರ್ತರು ಬೆಳೆಯ ಕ್ಷೇಮದ ಜೊತೆಗೆ ಬೆಳೆದವನ ನಿದ್ರೆಯನ್ನೂ ವಿಚಾರಿಸಿದರೆ ಒಂದು ಮನೆ ಉಳಿದೀತು.