ಕೊಲೆಸ್ಟರಾಲಿಗೆ ಯಾವ ಮದ್ದು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳ ನೆಲದಡಿಯಲ್ಲಿ ಇರುವುದು ಸುಣ್ಣಕಲ್ಲು. ಈ ಸೀಮೆಯ ಗಡಸು ನೀರನ್ನು ಕಾಯಿಸಿದ ಪಾತ್ರೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಹೃದಯದ ಧಮನಿಗಳಲ್ಲಿ ಕೊಲೆಸ್ಟರಾಲ್ ಸೇರುವುದೂ ಹೀಗೆಯೇ ಎಂದು ಹಲವರ ಕಲ್ಪನೆ. ಅದು ಪೂರ್ತಿ ಸರಿಯಲ್ಲ. ಹಕ್ಕಳೆಯು ಪಾತ್ರೆಯ ಮೇಲ್ಮೈಗೆ ಅಂಟುತ್ತದೆ. ಕೊಲೆಸ್ಟರಾಲನ್ನು ಹೊತ್ತ ಎಲ್‌ಡಿಎಲ್ ಕಣಗಳಾದರೋ ಧಮನಿಯ ಭಿತ್ತಿಯೊಳಗೇ ಹೊಕ್ಕು ಗಂಟಾಗುತ್ತವೆ. ಆ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಹೃದಯಾಘಾತ. ಇದನ್ನು ಉಜ್ಜಿ ತೊಳೆಯಬಲ್ಲ ಮದ್ದು ಇಲ್ಲ. ರಕ್ತದಲ್ಲಿನ ಕಣಗಳನ್ನು ವರ್ಷಾನುಗಟ್ಟಲೆ ತಗ್ಗಿಸಿಡುವುದೇ ಉಪಾಯ.

ತಗ್ಗಿಸುವುದು ಹೇಗೆ? ಕೊಲೆಸ್ಟರಾಲನ್ನು ತಯಾರಿಸುವುದೂ ಯಕೃತ್ತು, ರಕ್ತದಿಂದ ಮರಳಿ ಸೆಳೆದುಕೊಳ್ಳುವುದೂ ಮುಖ್ಯವಾಗಿ ಯಕೃತ್ತೇ. ಸೆಳೆಯುವ ಕೆಲಸ ಅದರ ಕೋಶಗಳ ಮೇಲಿರುವ ಗ್ರಾಹಕಗಳದು. ಇವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಜಪಾನಿನ ಅಕಿರ ಎಂಡೊ ಅವರು 1973ರಲ್ಲಿ ಒಂದು ಬೂಷ್ಟಿನಿಂದ ಬೇರ್ಪಡಿಸಿದ ವಸ್ತುವೇ ಸ್ಟ್ಯಾಟಿನ್ ಗುಂಪಿನ ಮೊದಲನೆಯದು. ಸ್ಟ್ಯಾಟಿನ್ನು ಯಕೃತ್ತಿನ ತಯಾರಿಕೆಗೆ ತಡೆಯೊಡ್ಡುತ್ತದೆ. ಕೊರತೆಗೊಳಗಾದ ಯಕೃತ್ತು ಹೆಚ್ಚು ಗ್ರಾಹಕಗಳನ್ನು ಒಡ್ಡಿ ರಕ್ತದಿಂದ ಸೆಳೆದುಕೊಳ್ಳುತ್ತದೆ. ಎಜೆಟಿಮಿಬ್ ಎಂಬುದು ಕರುಳಿನ ಹೀರಿಕೆಯನ್ನು ತಡೆಯುತ್ತದೆ. ಎವೊಲೊಕುಮ್ಯಾಬಿನಂಥ ಚುಚ್ಚುಮದ್ದುಗಳು ಗ್ರಾಹಕಗಳು ನಾಶವಾಗದಂತೆ ಕಾಯುತ್ತವೆ.

ಇಷ್ಟು ಮದ್ದುಗಳಿರುವಾಗ ಎಲ್‌ಡಿಎಲ್ ಅಂಕಿಯನ್ನು ಹೆಚ್ಚು ಇಳಿಸುವುದೇ ಉತ್ತಮವೆಂದು ತೀರ್ಮಾನಿಸಬಹುದೆ? ಅವಸರ ಬೇಡ. ನಯಾಸಿನ್ ರಕ್ತಪರೀಕ್ಷೆಯ ಅಂಕಿಗಳನ್ನು ಚೆಂದಗಾಣಿಸಿತು. ಆದರೆ ಸ್ಟ್ಯಾಟಿನ್ ಸೇವಿಸುತ್ತಿದ್ದ 25,673 ಮಂದಿಯಲ್ಲಿ ಅದನ್ನೂ ಕೂಡಿಸಿ ನೋಡಿದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯಕ್ಕೆ ಲಾಭ ಕಾಣಲಿಲ್ಲ. ಮಾಪಕದ ಮುಳ್ಳನ್ನು ಸರಿಸುವುದು ಬೇರೆ, ಯಂತ್ರವನ್ನು ಸರಿಪಡಿಸುವುದು ಬೇರೆ. ಸ್ಟ್ಯಾಟಿನ್ನಿನ ಬಲವಿರುವುದು ಇಲ್ಲಿಯೇ. 1994ರಲ್ಲಿ ಪ್ರಕಟವಾದ ಸ್ಕಾಂಡಿನೇವಿಯದ ಪ್ರಯೋಗದಲ್ಲಿ 4,444 ಹೃದ್ರೋಗಿಗಳಿದ್ದರು. ಐದು ವರ್ಷಗಳಿಗೆ ಮಿಕ್ಕಿದ ಅವಧಿಯಲ್ಲಿ ಹುಸಿಗುಳಿಗೆ ನುಂಗಿದವರಲ್ಲಿ ನೂರಕ್ಕೆ 11.5 ಮಂದಿ, ಸಿಂವಾಸ್ಟ್ಯಾಟಿನ್ ನುಂಗಿದವರಲ್ಲಿ 8.2 ಮಂದಿ ತೀರಿಕೊಂಡರು. ಇದನ್ನು ‘ಶೇಕಡಾ 30 ಇಳಿಕೆ’ ಎಂದರೂ ಸರಿ, ‘ನೂರರಲ್ಲಿ ಮೂವರು ಉಳಿದರು’ ಎಂದರೂ ಸರಿ. ಎರಡನೆಯದು ಪ್ರಾಮಾಣಿಕವಾದ ಮಾತೆಂದು ನಮ್ಮ ಅಭಿಪ್ರಾಯ. ಅಪಾಯವು ಮೊದಲೇ ಅಲ್ಪವಾಗಿದ್ದವನಿಗೆ ಅದೇ ಶೇಕಡಾ 30 ಎಂಬುದು ಬಹು ಸಣ್ಣ ಸಂಖ್ಯೆಯಾಗುತ್ತದೆ.

ಈಗ ಕಷ್ಟದ ಪ್ರಶ್ನೆ. ಶಹಾಬಾದಿನ ಕಲ್ಲುಗಣಿಯಲ್ಲಿಯೋ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿಯೋ ದುಡಿಯುವವನೊಬ್ಬ, ಒಮ್ಮೆ ಹೃದಯಾಘಾತವಾದವನು, ಮೈಕೈ ನೋವೆಂದು ಸ್ಟ್ಯಾಟಿನ್ ಬಿಡುತ್ತಾನೆಂದು ಇಟ್ಟುಕೊಳ್ಳೋಣ. ನೋವು ಸುಳ್ಳಲ್ಲ. ಅದರ ಕಾರಣ ಗುಳಿಗೆಯೆ? 2020ರಲ್ಲಿ ಲಂಡನ್ನಿನ ಸಂಶೋಧಕರು, ತೊಂದರೆಯಾಗಿ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಯ ಮೇಲೆ ನಡೆಸಿದ ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ವರ್ಷದಲ್ಲಿ ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ಹುಸಿಗುಳಿಗೆ, ನಾಲ್ಕು ತಿಂಗಳು ಏನೂ ಇಲ್ಲ. ಗುಳಿಗೆ ನಿಜವೋ ಹುಸಿಯೋ ನುಂಗುವವರಿಗೆ ತಿಳಿಯದು. ತೊಂದರೆಯ ಅಂಕ ಏನೂ ನುಂಗದಾಗ 8.0, ಹುಸಿಗುಳಿಗೆಗೆ 15.4, ಸ್ಟ್ಯಾಟಿನ್ನಿಗೆ 16.3! ಹೆಚ್ಚಿನ ಪಾಲು ಗುಳಿಗೆ ನುಂಗುವ ನಿರೀಕ್ಷೆಯಿಂದಲೇ ಹುಟ್ಟಿತ್ತು. ಇದನ್ನು ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಮತ್ತೆ ಸ್ಟ್ಯಾಟಿನ್ ಆರಂಭಿಸಿದರು.

ಹಾಗೆಂದು ಎಲ್ಲ ನೋವೂ ಹುಸಿಯಲ್ಲ. ಸ್ನಾಯುಗಳಲ್ಲಿ ತೀವ್ರವಾದ ನೋವು, ಮೂತ್ರಕ್ಕೆ ಕಪ್ಪು ಬಣ್ಣ — ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸಾಧಾರಣ ನೋವಿಗೆ ವೈದ್ಯರು ಪ್ರಮಾಣವನ್ನು ಇಳಿಸಬಹುದು, ಇನ್ನೊಂದು ಸ್ಟ್ಯಾಟಿನ್ನಿಗೆ ಬದಲಿಸಬಹುದು. ಇಲ್ಲೊಂದು ಲೆಕ್ಕ ಸ್ವಾರಸ್ಯವಾಗಿದೆ: ಸ್ಟ್ಯಾಟಿನ್ ಪ್ರಮಾಣವನ್ನು ಇಮ್ಮಡಿಸಿದರೆ ಎಲ್‌ಡಿಎಲ್ ಇನ್ನು ಶೇಕಡಾ 6ರಷ್ಟು ಮಾತ್ರ ಇಳಿಯುತ್ತದೆ; ಎಜೆಟಿಮಿಬ್ ಕೂಡಿಸಿದರೆ ಸುಮಾರು 20. ಆದಕಾರಣ ಅಲ್ಪ ಪ್ರಮಾಣದ ಸ್ಟ್ಯಾಟಿನ್ನಿನ ಜೊತೆಗೆ ಎಜೆಟಿಮಿಬ್ ಅನೇಕರಿಗೆ ಒಳ್ಳೆಯ ದಾರಿ. ಸ್ಟ್ಯಾಟಿನ್ ಒಗ್ಗದವರಿಗೆ ಬೆಂಪೆಡೊಯಿಕ್ ಆಮ್ಲವುಂಟು. ಅದು ಚುರುಕುಗೊಳ್ಳುವುದು ಯಕೃತ್ತಿನಲ್ಲಿ, ಸ್ನಾಯುವಿನಲ್ಲಲ್ಲ. 2023ರ ಪ್ರಯೋಗವೊಂದರಲ್ಲಿ ಹೃದಯದ ಅನಾಹುತಗಳು ಶೇಕಡಾ 13.3ರಿಂದ 11.7ಕ್ಕೆ ಇಳಿದವು; ಸಂಧಿವಾತದ ಒಂದು ಬಗೆಯಾದ ಗೌಟ್ ಮಾತ್ರ ತುಸು ಹೆಚ್ಚಿತು. ಎವೊಲೊಕುಮ್ಯಾಬ್ ಇವೆಲ್ಲಕ್ಕಿಂತ ಬಲವಾದದ್ದು. ಆದರೆ ಬೆಲೆ ಬಹಳ, ಸಂಗ್ರಹಿಸಿಡುವುದಕ್ಕೆ 2ರಿಂದ 8 ಡಿಗ್ರಿಯ ಶೀತಲ ಪೆಟ್ಟಿಗೆ ಬೇಕು. ಚಿಂಚೋಳಿಯ ಬೇಸಗೆಯಲ್ಲಿ ವಿದ್ಯುತ್ತು ಕೈಕೊಟ್ಟರೆ ಇದೇನೂ ಸಣ್ಣ ಸಂಗತಿಯಲ್ಲ.

ಮದ್ದು ಬದಲಿಸಿದ 4ರಿಂದ 12 ವಾರಗಳೊಳಗೆ ಮರುಪರೀಕ್ಷೆ ಮಾಡಿಸುವುದು ವಾಡಿಕೆ. ಅದುವರೆಗೆ ಗುಳಿಗೆಯನ್ನು ತಾನಾಗಿಯೇ ನಿಲ್ಲಿಸಬಾರದು.