ದನಿ ಕುಗ್ಗಿದವರಿಗೊಂದು ಹಾಡಿನ ಬಳಗ

ಪಾರ್ಕಿನ್ಸನ್ ಎಂದರೆ ಕೈ ನಡುಕ ಎಂದಷ್ಟೇ ಹಲವರಿಗೆ ಗೊತ್ತು. ರೋಗಿಯ ಮನೆಯವರನ್ನು ಕೇಳಿದರೆ ದನಿಯ ಮಾತೂ ಬರುತ್ತದೆ. ‘ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ’ ಎಂದು ದಿನವಿಡೀ ಕೇಳಿ ಅವರಿಗೂ ಸಾಕಾಗಿರುತ್ತದೆ. ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾದಾಗ ಹೆಜ್ಜೆ, ಕೈಬರಹ ಸಣ್ಣದಾಗುವ ಹಾಗೆಯೇ ಮಾತೂ ಸಣ್ಣದಾಗುತ್ತದೆ. ಆಡುವವರಿಗೆ ಮಾತ್ರ ತಮ್ಮ ದನಿ ಸರಿಯಾಗಿಯೇ ಇದೆ ಅನಿಸುತ್ತಿರುತ್ತದೆ. ಹಾಡಲು ಕೂತರೆ ಉಸಿರು ತುಂಬಿಕೊಳ್ಳಲೇಬೇಕು, ಬಾಯಿ ತೆರೆಯಲೇಬೇಕು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪಾರ್ಕಿನ್ಸನ್ ಇರುವವರ ಹಾಡಿನ ಗುಂಪುಗಳನ್ನು ಗಮನಿಸಿ, ಉಸಿರಾಟದ ಬಲ ಸುಧಾರಿಸಿದ್ದನ್ನು ದಾಖಲಿಸಿದ್ದಾರೆ. ಹಾಗೆಂದು ಮಾತ್ರೆಯನ್ನಾಗಲಿ ಸ್ಪೀಚ್ ಥೆರಪಿಯನ್ನಾಗಲಿ ಬಿಡುವಂತಿಲ್ಲ.

ಇಂಥ ಬಳಗ ಶುರು ಮಾಡಲು ಆರೇಳು ಜನ ಸಾಕು. ನಿಮ್ಮ ನರರೋಗ ತಜ್ಞರಿಗೆ, ಬಡಾವಣೆಯ ಹಿರಿಯ ನಾಗರಿಕರ ವೇದಿಕೆಗೆ ಹೇಳಿಡಿ. ಜತೆಗೆ ಬರುವ ಹೆಂಡತಿ, ಗಂಡ, ಮಗಳು ಹೊರಗೆ ಕೂತು ಮೊಬೈಲ್ ನೋಡುವುದು ಬೇಡ, ಅವರೂ ಹಾಡಲಿ.

ಹೊತ್ತು ಗೊತ್ತುಮಾಡುವ ಮೊದಲು ಮಾತ್ರೆಯ ವೇಳೆ ಕೇಳಿಕೊಳ್ಳಿ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿನ ಮೇಲೆ ಮೈ ಹಗುರಾಗುತ್ತದೆ, ಮುಂದಿನ ಮಾತ್ರೆ ಹತ್ತಿರ ಬಂದಂತೆ ಮತ್ತೆ ಬಿಗಿಯುತ್ತದೆ. ಹೆಚ್ಚಿನವರಿಗೆ ಮೈ ಹಗುರಾಗಿರುವ ಹೊತ್ತೇ ಹಾಡಿನ ಹೊತ್ತು.

ಜಾಗದ ವಿಷಯದಲ್ಲಿ ನಮ್ಮ ಭಜನೆಯ ರೂಢಿಯನ್ನು ಸ್ವಲ್ಪ ಮುರಿಯಬೇಕು. ಜಮಖಾನ ಬೇಡ, ಅಂಚಿಗೆ ಕಾಲು ತೊಡರುತ್ತದೆ. ಕೈಯಿರುವ ಗಟ್ಟಿ ಕುರ್ಚಿ, ನೆಲಮಹಡಿ, ಹತ್ತಿರದಲ್ಲೇ ಶೌಚಾಲಯ ಇರಲಿ. ಬಾಗಿಲಲ್ಲಿ ಚಪ್ಪಲಿಯ ರಾಶಿ ಬೀಳದಂತೆ ನೋಡಿಕೊಳ್ಳಿ. ಈ ಕಾಯಿಲೆಯವರ ಹೆಜ್ಜೆ ಹೊಸ್ತಿಲ ಬಳಿಯೇ ತಟಕ್ಕನೆ ನಿಂತುಹೋಗುವುದುಂಟು. ಚಪ್ಪಲಿ ಬಿಚ್ಚಲು ಹೊರಗೊಂದು ಬೆಂಚು ಹಾಕಿ.

ಹಾಡಿಸುವವರು ದೊಡ್ಡ ಗಾಯಕರಾಗಿರಬೇಕಿಲ್ಲ. ದೊಡ್ಡವರಾದರೆ ತೊಂದರೆಯೇ ಹೆಚ್ಚು ಎಂಬುದು ನನ್ನ ಅನಿಸಿಕೆ: ಅಪಸ್ವರ ಕೇಳಿದರೆ ಸುಮ್ಮನಿರಲು ಅವರಿಂದಾಗದು. ಇಲ್ಲಿ ಯಾರನ್ನೂ ತಿದ್ದಬಾರದು. ತಾಳ ಬಿಡದ, ಉಸಿರಿಗೆ ಬಿಡುವು ಕೊಡುವ, ನಗಿಸಬಲ್ಲ ಒಬ್ಬರು ಸಿಕ್ಕರೆ ಗೆದ್ದಂತೆ. ಮೇಲಿನ ಸ್ವರಕ್ಕೆ ಕತ್ತು ಬಿಗಿಯುವುದು ಕಂಡರೆ ಶ್ರುತಿಯನ್ನು ಒಂದೆರಡು ಮನೆ ಇಳಿಸಿ.

ಹಾಡು ಹರೆಯದಲ್ಲಿ ಕೇಳಿದ್ದಾಗಿರಲಿ. ಎಪ್ಪತ್ತು ದಾಟಿದವರಿಗೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಕಾಲದ ಚಿತ್ರಗೀತೆ ಎಂದರೆ ಹಾಳೆಯೇ ಬೇಕಾಗದು. ಎಲ್ಲರ ಮನೆಯ ದೇವರೂ ಒಂದೇ ಅಲ್ಲವಾದ್ದರಿಂದ ದೇವರನಾಮಗಳ ಜತೆ ಭಾವಗೀತೆ, ಜನಪದ ಗೀತೆಯೂ ಇರಲಿ. ಒಬ್ಬರು ಹೇಳಿ ಉಳಿದವರು ಮರುನುಡಿಯುವ ಹಾಡು ಎಲ್ಲಕ್ಕಿಂತ ಅನುಕೂಲ, ನಡುವೆ ಉಸಿರಾಡಲು ಸಮಯ ಸಿಗುತ್ತದೆ. ಉದ್ದುದ್ದ ಆಲಾಪದವು ಬೇಡ. ಸಾಹಿತ್ಯವನ್ನು ದಪ್ಪಕ್ಷರದಲ್ಲಿ ಮುದ್ರಿಸಿ. ನಡುಗುವ ಕೈಯಲ್ಲಿ ಹಾಳೆಯೂ ನಡುಗುವುದರಿಂದ ಎದುರಿಗೊಂದು ಮೇಜು, ಅದರ ಮೇಲೆ ಮನೆಯಲ್ಲಿರುವ ವ್ಯಾಸಪೀಠ ಇಟ್ಟರಾಯಿತು.

ಒಟ್ಟು ಮುಕ್ಕಾಲು ಗಂಟೆ ಸಾಕು. ಮೊದಲು ಭುಜ ತಿರುಗಿಸಿ, ಹುಬ್ಬು ಏರಿಸಿ ಇಳಿಸಿ, ಬಾಯಿ ಮುಚ್ಚಿ ಗುನುಗಿ. ಆಮೇಲೆ ‘ಆ’ಕಾರ, ಗಂಟಲು ಹಿಂಡದೆ, ಎದುರು ಗೋಡೆಯ ಹತ್ತಿರ ಕೂತವರಿಗೆ ಕೇಳುವಷ್ಟು ಜೋರಾಗಿ. ನಂತರ ನಾಲ್ಕೈದು ಹಾಡು, ತೊಡೆಯ ಮೇಲೆ ತಾಳ ಹಾಕುತ್ತಾ. ಹಾಡುವುದು ಕೂತೇ ಆಗಲಿ. ತಟ್ಟನೆ ಎದ್ದರೆ ಕೆಲವರಿಗೆ ರಕ್ತದೊತ್ತಡ ಇಳಿದು ತಲೆಸುತ್ತುತ್ತದೆ. ಎದೆನೋವೋ ಏದುಸಿರೋ ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕಾಫಿ ಕೊನೆಗೆ, ಅರ್ಧ ಲೋಟ ಮಾತ್ರ. ನುಂಗುವ ತೊಂದರೆ ಇದ್ದವರು ನೆಟ್ಟಗೆ ಕೂತು ಗುಟುಕು ಗುಟುಕಾಗಿ ಕುಡಿಯಲಿ. ಖಾರದ ಮಿಕ್ಸ್ಚರ್ ತಟ್ಟೆ ಈ ಬಳಗಕ್ಕೆ ಹೊಂದದು.

ಮೂರನೇ ವಾರಕ್ಕೇ ಯಾರಾದರೂ ‘ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ, ವೇದಿಕೆ ಹತ್ತೋಣ’ ಅನ್ನದೆ ಇರುವುದಿಲ್ಲ. ಎಲ್ಲರೂ ಒಪ್ಪಿದರೆ ಸಂತೋಷ, ಒಬ್ಬರು ಹಿಂಜರಿದರೂ ಬಿಟ್ಟುಬಿಡಿ. ಅದಕ್ಕಿಂತ ಮುಖ್ಯವಾದ ಕೆಲಸ ಬಾರದವರಿಗೆ ಅಂದೇ ಫೋನ್ ಮಾಡುವುದು. ಈ ಕಾಯಿಲೆಯಲ್ಲಿ ಮನಸ್ಸೂ ಕುಗ್ಗುವುದುಂಟು, ಮನೆ ಬಿಟ್ಟು ಹೊರಡಲೇ ಬೇಸರ. ಫೋನಿನಲ್ಲಿ ಅವರ ದನಿ ಸರಿಯಾಗಿ ಕೇಳದಿದ್ದರೆ, ಕಳೆದ ವಾರದ ಹಾಡಿನ ಪಲ್ಲವಿ ನೀವೇ ಎತ್ತಿಕೊಳ್ಳಿ.